ಮಳೆಗಾಲ, ಮಿನಿಯೇಚರ್ ಮತ್ತು ನೀರ್ ದೋಸೆ ಹಿಟ್ಟಿನ ಹದ

ಪ್ರಶ್ನೆ: ನಾನು ಉಡುಪಿಯವನು. ಮೇ ತಿಂಗಳಲ್ಲಿ ಅಣ್ಣ ಇಂಗ್ಲೆಂಡಿನಿಂದ ಬರುವಾಗ ವಾರ್‌ಹ್ಯಾಮರ್ 40,000 ಆಟದ ಒಂದು ಪೆಟ್ಟಿಗೆ ತಂದುಕೊಟ್ಟ. ಒಳಗೆ ಹತ್ತು ಸೈನಿಕರು. ಐದನ್ನು ಜೋಡಿಸಿ ಬಣ್ಣ ಹಚ್ಚಿದೆ, ಐದೂ ಹಾಳಾದವು. ಇನ್‌ಸ್ಟಂಟ್ ಗಮ್ ಹಾಕಿದ ಕಡೆ ಬಿಳಿ ಮಂಜು ಕೂತಿದೆ. ಒಬ್ಬನ ಕೈ ಮುಟ್ಟಿದರೆ ಸಾಕು ಬೀಳುತ್ತದೆ. ಜುಲೈನಲ್ಲಿ ತಾರಸಿಯ ಶೀಟಿನ ಕೆಳಗೆ ಸ್ಪ್ರೇ ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲು ಕೊಡುವ ತಳದ ಪದರ, ಹೊಡೆದೆ, ಕೆಲವು ಕಡೆ ಮರಳಿನ ಹಾಗೆ ತರಿತರಿ, ಕೆಲವು ಕಡೆ ಬೂದಿ ಬಣ್ಣ. ಬಣ್ಣ ಆರ್ಟ್ ಅಂಗಡಿಯ ವಿದ್ಯಾರ್ಥಿಗಳ ಅಕ್ರಿಲಿಕ್, ಮುಖಕ್ಕೆ ತೀರಾ ಸಣ್ಣ 000 ನಂಬರಿನ ಕುಂಚ, ಆದರೂ ಮುಖವಂತೂ ಮುದ್ದೆ. ಆರು ಫೋಟೋ ಕಳಿಸಿದ್ದೇನೆ, ಫೋನಿನಲ್ಲಿ ದೊಡ್ಡದು ಮಾಡಿ ನೋಡಿದರೆ ಬೇಸರವಾಗುತ್ತದೆ. ನನಗೆ ಮೊದಲಿನಿಂದಲೂ ಕೈ ಸ್ವಲ್ಪ ನಡುಗುತ್ತದೆ, ಈ ಹವ್ಯಾಸ ನನ್ನಂಥವನಿಗಲ್ಲ ಅನಿಸುತ್ತಿದೆ. ಉಳಿದ ಐದನ್ನು ಯಾರಿಗಾದರೂ ಕೊಟ್ಟುಬಿಡಲೇ? ಇನ್ನೊಂದು ವಿಷಯ, ಮೈಸೂರಿನ ಅತ್ತೆ ಇವನ್ನು ದಸರಾ ಗೊಂಬೆಗಳ ಜೊತೆ ಇಡಬಹುದಾ ಎಂದು ಕೇಳುತ್ತಿದ್ದಾರೆ.

ಉತ್ತರ: ಕೊಡಬೇಡಿ ಮಾರಾಯ್ರೆ.

ನೀವು ಕಳಿಸಿದ ಆರೂ ಫೋಟೋ ದೊಡ್ಡದು ಮಾಡಿ ನೋಡಿದೆ. ಕೈ ನಡುಗುವವರು ಹಚ್ಚಿದ ಬಣ್ಣ ಹೇಗಿರುತ್ತದೆ ಎಂದು ನನಗೆ ಗೊತ್ತು, ಯಾಕೆಂದರೆ ನನ್ನ ಕೈಯೂ ನಡುಗುತ್ತದೆ. ಅಂಚು ದಾಟಿ ಬಣ್ಣ ಪಕ್ಕಕ್ಕೆ ಹೋಗಿರುತ್ತದೆ, ಬೆಲ್ಟಿನ ಕಂದು ಪ್ಯಾಂಟಿನ ಮೇಲೆ, ಕಾಲರಿನ ಕೆಂಪು ಕುತ್ತಿಗೆಯ ಮೇಲೆ. ನಿಮ್ಮ ಸೈನಿಕರ ಭುಜದ ಕವಚ ನೋಡಿ. ಅಂಚಿನ ಬಂಗಾರದ ಪಟ್ಟಿ ಎಲ್ಲೂ ನೀಲಿಯ ಮೇಲೆ ಇಳಿದಿಲ್ಲ. ನಡುಗುವ ಕೈಗೆ ಅದು ಸಾಧ್ಯವೇ ಇಲ್ಲ. ನಿಮ್ಮ ಗೊಂಬೆಗಳು ಕೆಟ್ಟದ್ದು ಬೇರೆ ಕಡೆ. ಅಂಟು ತಪ್ಪು, ಪ್ರೈಮರ್ ಹೊಡೆದ ದಿನ ತಪ್ಪು, ಬಣ್ಣ ದಪ್ಪ. ಮೂರೂ ಕುಂಚ ಗೊಂಬೆಗೆ ತಾಗುವ ಮೊದಲೇ ಆದ ತಪ್ಪುಗಳು. ಹಾಗಾಗಿ ಮೂರನ್ನೂ ಸರಿಮಾಡಬಹುದು.

ಈ ಆಟ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ಇದು ಮೇಜಿನ ಮೇಲೆ ಆಡುವ ಯುದ್ಧದ ಆಟ. ಬೋರ್ಡಿನಲ್ಲಿ ಚೌಕಗಳಿರುವುದಿಲ್ಲ, ಟೇಪು ಹಿಡಿದು ಇಂಚಿನಲ್ಲಿ ಅಳೆದು ಸೈನಿಕರನ್ನು ನಡೆಸುತ್ತಾರೆ, ದಾಳ ಉರುಳಿಸಿ ಯಾರು ಸತ್ತರು ಎಂದು ತೀರ್ಮಾನಿಸುತ್ತಾರೆ. ಮಾಡುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿರುವ ಗೇಮ್ಸ್ ವರ್ಕ್‌ಶಾಪ್. ಕಂಪನಿ ಶುರುವಾದದ್ದು 1975ರಲ್ಲಿ, ಮೊದಲ ವಾರ್‌ಹ್ಯಾಮರ್ ಬಂದದ್ದು 1983ರಲ್ಲಿ, ಬಾಹ್ಯಾಕಾಶದ ಕಥೆಯಿರುವ 40,000 ಬಂದದ್ದು 1987ರಲ್ಲಿ. ಮಿನಿಯೇಚರ್ ಎಂದು ಕರೆಯುವ ಈ ಪುಟ್ಟ ಸೈನಿಕರು ಸಿದ್ಧವಾಗಿ ಬರುವುದಿಲ್ಲ. ಬೂದು ಪ್ಲಾಸ್ಟಿಕ್ಕಿನ ಚೌಕಟ್ಟಿನಲ್ಲಿ ಕೈ, ಕಾಲು, ತಲೆ, ಬಂದೂಕು ಬೇರೆ ಬೇರೆಯಾಗಿ ಅಂಟಿಕೊಂಡಿರುತ್ತವೆ. ಆ ಚೌಕಟ್ಟಿಗೆ ಸ್ಪ್ರೂ ಅನ್ನುತ್ತಾರೆ. ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚುವುದು ನಮ್ಮ ಕೆಲಸ. ಆಡುವುದಕ್ಕಿಂತ ಈ ಕೆಲಸಕ್ಕೇ ಜಾಸ್ತಿ ಹೊತ್ತು ಕೊಡುವವರು ಬಹಳ ಜನ. ನಾನೂ ಅದೇ ಗುಂಪು. ಹದಿನಾಲ್ಕು ವರ್ಷದಿಂದ ಬಣ್ಣ ಹಚ್ಚುತ್ತಿದ್ದೇನೆ, ಆಟ ಆಡಿದ್ದು ಇಪ್ಪತ್ತು ಸಲವೂ ಇರಲಿಕ್ಕಿಲ್ಲ.

ಮೊದಲು ಅಂಟು. ಇನ್‌ಸ್ಟಂಟ್ ಗಮ್, ಅಂದರೆ ಫೆವಿಕ್ವಿಕ್ ಜಾತಿಯ ಸೂಪರ್ ಗ್ಲೂ, ಒಣಗುವುದಕ್ಕೆ ಗಾಳಿಯ ತೇವಾಂಶವೇ ಬೇಕು. ಹನಿ ಜಾಸ್ತಿ ಹಾಕಿದರೆ ಅದರ ಆವಿ ಮೇಲೆದ್ದು, ಅದೇ ತೇವಕ್ಕೆ ಗಟ್ಟಿಯಾಗಿ, ಸುತ್ತಮುತ್ತ ಬಿಳಿ ಪುಡಿಯಾಗಿ ಕೂರುತ್ತದೆ. ನೀವು ಕಂಡ ಮಂಜು ಅದೇ. ಉಡುಪಿಯ ಮಳೆಗಾಲದಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಅದು ಬರದಿದ್ದರೇ ಆಶ್ಚರ್ಯ. ಇನ್ನೊಂದು ತೊಂದರೆಯೂ ಇದೆ. ಸೂಪರ್ ಗ್ಲೂ ಎರಡು ತುಂಡುಗಳ ನಡುವೆ ಗಾಜಿನಂಥ ಪೆಡಸು ಪದರವಾಗಿ ನಿಲ್ಲುತ್ತದೆ. ಎಳೆದರೆ ತಡೆಯುತ್ತದೆ, ಪಕ್ಕದಿಂದ ಒಂದು ಏಟು ಬಿದ್ದರೆ ಚಟ್ ಎಂದು ಬಿಡುತ್ತದೆ.

ನಿಮ್ಮ ಪೆಟ್ಟಿಗೆಯ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದಕ್ಕೆಂದೇ ಪ್ಲಾಸ್ಟಿಕ್ ಸಿಮೆಂಟ್ ಎಂಬ ಅಂಟು ಇದೆ. ಟಮಿಯಾ, ರೆವೆಲ್ ಎಲ್ಲ ಮಾಡುತ್ತಾರೆ, ವಿಮಾನದ ಮಾಡೆಲ್ ಕಿಟ್ ಮಾರುವ ಯಾವ ಅಂಗಡಿಯಲ್ಲೂ ಸಿಗುತ್ತದೆ. ನಿಜ ಹೇಳಬೇಕೆಂದರೆ ಅದು ಅಂಟೇ ಅಲ್ಲ. ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಸ್ವಲ್ಪ ಕರಗಿಸುತ್ತದೆ, ಕರಗಿದ್ದು ಒಂದಕ್ಕೊಂದು ಬೆರೆಯುತ್ತದೆ, ದ್ರಾವಕ ಹಾರಿಹೋದ ಮೇಲೆ ಒಂದೇ ತುಂಡು. ಬೆಸುಗೆ ಅನ್ನಿ. ತೆಳು ಸಿಮೆಂಟ್ ಆದರೆ ತುಂಡುಗಳನ್ನು ಮೊದಲೇ ಜೋಡಿಸಿ ಹಿಡಿದುಕೊಳ್ಳಿ, ಕುಂಚದ ತುದಿಯನ್ನು ಸಂದಿಗೆ ತಾಗಿಸಿ, ಅದಾಗಿಯೇ ಒಳಗೆ ಓಡುತ್ತದೆ. ಅರ್ಧ ನಿಮಿಷ ಒತ್ತಿ ಹಿಡಿದರೆ ನಿಲ್ಲುತ್ತದೆ, ಪೂರ್ತಿ ಗಟ್ಟಿಯಾಗಲು ರಾತ್ರಿಯಿಡೀ ಬಿಡಿ. ಸಂದಿ ಬರಿ ಪ್ಲಾಸ್ಟಿಕ್ ಆಗಿರಬೇಕು, ಬಣ್ಣ, ಹಳೆ ಅಂಟು ಇದ್ದರೆ ಹಿಡಿಯುವುದಿಲ್ಲ. ಹಾಗಾಗಿ ಬಿದ್ದ ಕೈಯನ್ನು ಎರಡೂ ಕಡೆ ಕೆರೆದು ಆಮೇಲೆ ಅಂಟಿಸಿ. ರೆಸಿನ್ ಗೊಂಬೆ, ಲೋಹದ ಗೊಂಬೆ, ಈಗ ಎಲ್ಲರೂ ಮನೆಯಲ್ಲೇ 3ಡಿ ಪ್ರಿಂಟ್ ಮಾಡಿಕೊಳ್ಳುವ ಗೊಂಬೆ, ಇವಕ್ಕೆ ಈ ಸಿಮೆಂಟ್ ನಡೆಯುವುದಿಲ್ಲ, ಅಲ್ಲಿ ಸೂಪರ್ ಗ್ಲೂವೇ ಬೇಕು. ಭಾರದ ಲೋಹದ ಕೈ ಆದರೆ 1 ಮಿ.ಮೀ. ತೂತು ಕೊರೆದು, ಪೇಪರ್ ಕ್ಲಿಪ್ಪಿನ ತಂತಿ ತುಂಡು ಮಾಡಿ ಮೊಳೆಯ ಹಾಗೆ ಒಳಗಿಟ್ಟು ಅಂಟಿಸುತ್ತೇವೆ.

ಜೋಡಿಸುವಾಗ ಇನ್ನೊಂದು ಬಿಟ್ಟಿದ್ದೀರಿ. ನಿಮ್ಮ ಮೂರನೇ ಫೋಟೋದಲ್ಲಿ ಹೆಲ್ಮೆಟ್ಟಿನ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಏಣು ಕಾಣುತ್ತದೆ, ಅದು ಅಚ್ಚಿನ ಎರಡು ಭಾಗ ಸೇರುವ ಗೆರೆ. ಬಣ್ಣ ಹಚ್ಚುವ ಮುಂಚೆ ಅದು ಕಣ್ಣಿಗೇ ಬೀಳುವುದಿಲ್ಲ, ಹಚ್ಚಿದ ಮೇಲೆ ಅದೇ ಎದ್ದು ಕಾಣುತ್ತದೆ. ಚಾಕುವಿನ ಹಿಂಬದಿಯಿಂದ, ಹೌದು, ಮೊಂಡು ಕಡೆಯಿಂದ, ಸುಮ್ನೆ ಕೆರೆಯುತ್ತಾ ಹೋಗಿ. ಹರಿತದ ಕಡೆ ಹಿಡಿದರೆ ಪ್ಲಾಸ್ಟಿಕ್ ಕಚ್ಚುತ್ತದೆ, ಬೆರಳೂ ಹೋಗುತ್ತದೆ. ಬೇಜಾರಿನ ಕೆಲಸ. ನಾನು ರೇಡಿಯೋ ಹಾಕಿಕೊಂಡು ಕೂರುತ್ತೇನೆ.

ಈಗ ಪ್ರೈಮರ್. ಇದರಲ್ಲಿ ನಿಮ್ಮ ತಪ್ಪಿಗಿಂತ ಊರಿನ ಹವೆಯ ತಪ್ಪು ಜಾಸ್ತಿ. ಸ್ಪ್ರೇ ಡಬ್ಬಿಯ ಮೇಲಿನ ಸೂಚನೆಗಳನ್ನು ಬರೆದವರು ತಂಪು ದೇಶದವರು. ಕರಾವಳಿಯ ಜುಲೈ ಅವರ ಲೆಕ್ಕದಲ್ಲಿಲ್ಲ. ನಿಮ್ಮಲ್ಲಿ ಎರಡು ಬೇರೆ ಬೇರೆ ರೋಗ ಒಟ್ಟಿಗೆ ಬಂದಿವೆ, ಅವನ್ನು ಬಿಡಿಸಿ ನೋಡಬೇಕು. ತರಿತರಿ ಬರುವುದು ದೂರದಿಂದ ಹೊಡೆದಾಗ. ಹನಿ ಗೊಂಬೆ ತಲುಪುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗಿ ಪುಡಿಯಾಗಿ ಬಂದು ಕೂರುತ್ತದೆ. ಡಬ್ಬಿ ಸರಿಯಾಗಿ ಅಲುಗಾಡಿಸದಿದ್ದರೂ ಹೀಗಾಗುತ್ತದೆ. ಬೂದಿಯ ಪೊರೆ ಬರುವುದು ತೇವಕ್ಕೆ. ಸ್ಪ್ರೇಯ ದ್ರಾವಕ ಹಾರುವಾಗ ಮೇಲ್ಮೈ ತಣ್ಣಗಾಗುತ್ತದೆ, ತಣ್ಣಗಾದ ಕಡೆ ಗಾಳಿಯ ನೀರು ಕೂರುತ್ತದೆ, ಆ ನೀರು ಒಣಗುತ್ತಿರುವ ಬಣ್ಣದೊಳಗೆ ಸಿಕ್ಕಿಬೀಳುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುತ್ತದಲ್ಲ, ಹಾಗೆ.

ನನ್ನದೂ ಒಂದು ಕಥೆ ಹೇಳಿಬಿಡುತ್ತೇನೆ. ಆಗ ಮಂಗಳೂರಿನಲ್ಲಿದ್ದೆ. ಎರಡು ತಿಂಗಳು ಕೂತು ಹನ್ನೆರಡು ಗೊಂಬೆ ಮುಗಿಸಿ, ಆಗಸ್ಟಿನ ಒಂದು ಸಂಜೆ, ಮಳೆ ನಿಂತಿದೆ ಎಂಬ ಧೈರ್ಯದಲ್ಲಿ ಮ್ಯಾಟ್, ಅಂದರೆ ಹೊಳಪಿಲ್ಲದ, ವಾರ್ನಿಶ್ ಸ್ಪ್ರೇ ಹೊಡೆದೆ. ಮಳೆ ನಿಂತಿತ್ತು, ತೇವ ಎಲ್ಲಿ ಹೋಗಬೇಕು? ಹತ್ತು ನಿಮಿಷಕ್ಕೆ ಹನ್ನೆರಡೂ ಬಿಳಿ ಬೂದಿ ಬಳಿದುಕೊಂಡ ಸನ್ಯಾಸಿಗಳಾದವು. ಮೇಲಿನಿಂದ ಹೊಳಪಿನ ವಾರ್ನಿಶ್ಶನ್ನು ಕುಂಚದಲ್ಲಿ ಹಚ್ಚಿದಾಗ ಎಂಟು ಬಚಾವಾದವು, ನಾಲ್ಕು ಹಾಗೇ ಉಳಿದವು. ಅವು ಈಗಲೂ ಕಪಾಟಿನಲ್ಲಿವೆ, ದೆವ್ವಗಳ ಪಡೆ ಎಂದು ಹೇಳಿಕೊಂಡು ತಿರುಗುತ್ತೇನೆ.

ಅವತ್ತಿನಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಡಬ್ಬಿ ಮುಟ್ಟುವುದಿಲ್ಲ. ಕುಂಚದಲ್ಲಿ ಹಚ್ಚುವ ಪ್ರೈಮರ್ ಸಿಗುತ್ತದೆ. ಸ್ಪೇನಿನ ವಯೇಹೋ ಕಂಪನಿಯ ಸರ್ಫೇಸ್ ಪ್ರೈಮರ್ ನಾನು ಬಳಸುವುದು. ಅಗಲ ಕುಂಚದಲ್ಲಿ ತೆಳುವಾಗಿ ಎರಡು ಕೈ, ಅಂದರೆ ಎರಡು ಪದರ, ಹಚ್ಚಿ, ಒಂದು ದಿನ ಬಿಡಿ, ಉಡುಪಿಯಲ್ಲಾದರೆ ಎರಡು ದಿನ. ಬೇಗ ಮುಟ್ಟಿದರೆ ಚರ್ಮದ ಹಾಗೆ ಸುಲಿದು ಬರುತ್ತದೆ. ಸ್ಪ್ರೇಯೇ ಬೇಕೆಂದರೆ ಡಿಸೆಂಬರ್, ಜನವರಿಗೆ ಕಾಯಿರಿ. ತೇವಾಂಶ ತೋರಿಸುವ ಸಣ್ಣ ಮೀಟರ್ ತೆಗೆದುಕೊಳ್ಳಿ, 60-65 ಶೇಕಡಾಕ್ಕಿಂತ ಮೇಲಿದ್ದರೆ ಡಬ್ಬಿ ಒಳಗಿಡಿ. ಎರಡು ನಿಮಿಷ ಬಿಡದೆ ಅಲುಗಾಡಿಸಿ, 20ರಿಂದ 30 ಸೆಂ.ಮೀ. ದೂರದಿಂದ, ಬಯಲಿನಲ್ಲಿ, ಮಾಸ್ಕ್ ಹಾಕಿಕೊಂಡು, ಚುಟುಕು ಚುಟುಕಾಗಿ ಹೊಡೆಯಿರಿ. ಗಾಡಿಗೆ ಹೊಡೆಯುವ ಪ್ರೈಮರ್ ಅಗ್ಗ ಎಂದು ಕೆಲವರು ಅದನ್ನೇ ತರುತ್ತಾರೆ. ಕೆಲವು ಡಬ್ಬಿ ಚೆನ್ನಾಗಿರುತ್ತವೆ, ಕೆಲವು ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ, ಹಾಗಾಗಿ ಮೊದಲು ಖಾಲಿ ಸ್ಪ್ರೂ ತುಂಡಿನ ಮೇಲೆ ಹೊಡೆದು ನೋಡಿ.

ಇನ್ನು ಬಣ್ಣ. ನಿಮ್ಮ ಕೈಯ ಬಗ್ಗೆ ನಿಮಗೆ ಅನುಮಾನ ಹುಟ್ಟಿಸಿದ್ದು ಇದೇ. ಕುಂಚದ ಗೆರೆಗಳು ಒಣಗಿ ನಿಂತಿವೆ, ಬೆರಳುಗಳ ನಡುವಿನ ಸಂದಿ ತುಂಬಿಹೋಗಿದೆ, ಮೂಗು ಕೆನ್ನೆಯೊಳಗೆ ಮುಳುಗಿದೆ. ನೀವು ಉದ್ದಿನ ದೋಸೆ ಹಿಟ್ಟಿನ ಹದದಲ್ಲಿ ಬಳಿದಿದ್ದೀರಿ, ಇಲ್ಲಿ ಬೇಕಾದದ್ದು ನೀರ್ ದೋಸೆ ಹಿಟ್ಟಿನ ಹದ. ನಿಮ್ಮ ಊರಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ, ಅಲ್ವಾ? ಮೊದಲ ಕೈ ಹಚ್ಚಿದಾಗ ಕೆಳಗಿನ ಪ್ರೈಮರ್ ಕಾಣಬೇಕು. ಅದನ್ನು ನೋಡಿ ಗಾಬರಿಯಾಗಿ ಮೇಲಿಂದ ಮೇಲೆ ಬಳಿಯುವುದೇ ಎಲ್ಲರೂ ಮಾಡುವ ತಪ್ಪು. ಪೂರ್ತಿ ಒಣಗಲು ಬಿಡಿ, ಎರಡನೇ ಕೈ ಹಚ್ಚಿ. ಹಳದಿ, ಕೆಂಪು, ಬಿಳಿಗೆ ಮೂರು ನಾಲ್ಕು ಕೈ ಬೇಕಾಗುತ್ತದೆ. ಗೇಮ್ಸ್ ವರ್ಕ್‌ಶಾಪ್‌ನ ವಿಡಿಯೋಗಳಲ್ಲಿ ಬಣ್ಣ ಹಚ್ಚುವುದನ್ನು ಕಲಿಸುತ್ತಿದ್ದ ಡಂಕನ್ ರೋಡ್ಸ್ ಎಂಬವರು ಎರಡು ತೆಳು ಪದರ ಎಂದು ಎಷ್ಟು ಸಲ ಹೇಳಿದರೆಂದರೆ, ಅದು ಈ ಹವ್ಯಾಸದವರ ಮಂತ್ರವೇ ಆಗಿ, ಕೊನೆಗೆ ಅವರ ಸ್ವಂತ ಬಣ್ಣಗಳಿಗೂ ಅದೇ ಹೆಸರಾಯಿತು.

ಆರ್ಟ್ ಅಂಗಡಿಯ ವಿದ್ಯಾರ್ಥಿಗಳ ಅಕ್ರಿಲಿಕ್ ಬಳಸಿದ್ದೇನೆ ಎಂದು ಬರೆದಿದ್ದೀರಿ. ಅದು ಕ್ಯಾನ್ವಾಸಿಗೆ, ಬಟ್ಟೆಗೆ ಮಾಡಿದ್ದು. ಬಣ್ಣದ ಕಣ ದಪ್ಪ, ನೀರು ಹಾಕಿದರೆ ಬಣ್ಣವೇ ಇಲ್ಲದ ಹಾಗಾಗುತ್ತದೆ. ನಿಮ್ಮ ಸೈನಿಕನ ಮುಖ ಅಕ್ಕಿಕಾಳಿಗಿಂತ ಹೆಚ್ಚು ದೊಡ್ಡದಲ್ಲ. ಅಲ್ಲಿ ದಪ್ಪ ಕಣ ಎದ್ದು ಕಾಣುತ್ತದೆ. ಆ ಬಣ್ಣ ಎಸೆಯಬೇಡಿ. ಆಟದ ಮೇಜಿಗೆ ಬೇಕಾದ ಬಂಡೆ, ಗೋಡೆ, ಮನೆಗಳಿಗೆ ಅದು ಬಹಳ ಚೆನ್ನಾಗಿದೆ. ಗೊಂಬೆಗೆ ಮಾತ್ರ ಮಿನಿಯೇಚರ್ ಬಣ್ಣ ತೆಗೆದುಕೊಳ್ಳಿ. ಐವತ್ತು ಬಣ್ಣದ ಸೆಟ್ ಬೇಡ. ಕಪ್ಪು, ಬಿಳಿ, ಒಂದು ಕಂದು, ಒಂದು ಚರ್ಮದ ಬಣ್ಣ, ಒಂದು ಬೆಳ್ಳಿ, ನಿಮ್ಮ ಪಡೆಯ ಒಂದು ಮುಖ್ಯ ಬಣ್ಣ, ಮತ್ತೆ ಒಂದು ಕಂದು ವಾಶ್. ಏಳು ಶೀಶೆ ಸಾಕು. ವಾಶ್ ಅಂದರೆ ಬಣ್ಣದ ನೀರು. ಹಚ್ಚಿದರೆ ತಾನಾಗಿ ಹರಿದು ಗುಂಡಿಗಳಲ್ಲಿ ಕೂತು ನೆರಳಾಗುತ್ತದೆ. ಕಲಿಯುವವರಿಗೆ ಇದರಷ್ಟು ಉಪಕಾರಿ ಇನ್ನೊಂದಿಲ್ಲ. 2019ರಲ್ಲಿ ಬಂದ ಕಾಂಟ್ರಾಸ್ಟ್ ಬಣ್ಣಗಳೂ ಇದೇ ಉಪಾಯದವು, ತಿಳಿ ಪ್ರೈಮರಿನ ಮೇಲೆ ಒಂದೇ ಕೈಯಲ್ಲಿ ಬಣ್ಣವೂ ನೆರಳೂ ಬರುತ್ತದೆ. ಅದು ಮೋಸ ಅನ್ನುವವರಿದ್ದಾರೆ. ನಾನು ಆ ಜಗಳಕ್ಕೆ ಹೋಗುವುದಿಲ್ಲ, ನನ್ನ ಅರ್ಧ ಪಡೆ ಅದರಲ್ಲೇ ಆಗಿದೆ.

ಹದ ಕೆಡದಿರಲು ಬಣ್ಣ ಕಲಸುವ ಒದ್ದೆ ಪ್ಯಾಲೆಟ್ ಮಾಡಿಕೊಳ್ಳಿ. ಮುಚ್ಚಳವಿರುವ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ, ತಳದಲ್ಲಿ ಒದ್ದೆ ಮಾಡಿದ ಅಡುಗೆಮನೆಯ ಸ್ಪಾಂಜ್ ಬಟ್ಟೆ, ಅದರ ಮೇಲೆ ಬೇಕಿಂಗ್ ಪೇಪರ್. ಸ್ಟೇಷನರಿ ಅಂಗಡಿಯವರು ಬಟರ್ ಪೇಪರ್ ಎಂದು ಕೊಡುವ ಟ್ರೇಸಿಂಗ್ ಹಾಳೆ ಬೇಡ, ಕೇಕ್ ಸಾಮಾನಿನ ಅಂಗಡಿಯಲ್ಲಿ ಕೇಳಿ. ಮೇಣದ ಹಾಳೆಯೂ ಆಗುವುದಿಲ್ಲ, ನೀರು ಮೇಲೆ ಬರುವುದೇ ಇಲ್ಲ. ಕೆಳಗಿನಿಂದ ತೇವ ಬರುತ್ತಲೇ ಇರುವುದರಿಂದ ಬಣ್ಣ ಗಂಟೆಗಟ್ಟಲೆ ಹದವಾಗಿರುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ನಾಲ್ಕೇ ದಿನಕ್ಕೆ ಅದು ನಾರುತ್ತದೆ ಎನ್ನುವುದೊಂದು ಕಷ್ಟ. ಹಳೆಯ ತಾಮ್ರದ ನಾಣ್ಯ ಒಂದನ್ನು ಸ್ಪಾಂಜಿನ ಕೆಳಗೆ ಹಾಕಿಡುವವರಿದ್ದಾರೆ, ನಾನೂ ಹಾಕುತ್ತೇನೆ. ನೀರು ಬದಲಿಸುವುದು ಮಾತ್ರ ತಪ್ಪಿದ್ದಲ್ಲ.

ಕುಂಚದ ವಿಷಯದಲ್ಲಿ ನೀವು ಎಲ್ಲರ ಹಾಗೆ ಸೊನ್ನೆಗಳ ಹಿಂದೆ ಹೋಗಿದ್ದೀರಿ. ಮುಖಕ್ಕೆ 000 ನಂಬರಿನ ಕುಂಚ. ಅದರ ಹೊಟ್ಟೆಯಲ್ಲಿ ಬಣ್ಣ ಹಿಡಿಯುವುದೇ ಇಲ್ಲ. ಪ್ಯಾಲೆಟ್‌ನಿಂದ ಗೊಂಬೆಗೆ ಬರುವಷ್ಟರಲ್ಲಿ ತುದಿ ಒಣಗಿರುತ್ತದೆ, ನೀವು ಒತ್ತುತ್ತೀರಿ, ಒತ್ತಿದಾಗ ಜಾರುತ್ತದೆ, ಕೈ ನಡುಗಿತು ಅಂದುಕೊಳ್ಳುತ್ತೀರಿ. ತುದಿ ಚೂಪಾಗಿ ನಿಲ್ಲುವ 1 ನಂಬರಿನ ಕುಂಚ ಒಂದಿದ್ದರೆ ಕಣ್ಣೂ ಬರೆಯಬಹುದು. ಬಣ್ಣ ಲೋಹದ ಕತ್ತಿನವರೆಗೆ ಏರಲು ಬಿಡಬೇಡಿ, ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಬೇಡಿ, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ತೊಳೆಯಿರಿ.

ನಿಜವಾಗಿ ನಡುಗುವ ಕೈಗೂ ಉಪಾಯವಿದೆ. ಗೊಂಬೆಯನ್ನು ಬೆರಳಿನಲ್ಲಿ ಹಿಡಿಯಬೇಡಿ. ಖಾಲಿ ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಡಬಲ್ ಸೈಡ್ ಟೇಪಿನಿಂದ ಅಂಟಿಸಿ ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿಯಿರಿ. ಎರಡೂ ಮೊಣಕೈ ಮೇಜಿನ ಮೇಲಿರಲಿ, ಎರಡೂ ಮಣಿಕಟ್ಟು ಒಂದಕ್ಕೊಂದು ತಾಗಿರಲಿ. ಆಗ ಎರಡು ಕೈ ಒಟ್ಟಿಗೆ ನಡುಗುತ್ತವೆ, ಕುಂಚಕ್ಕೂ ಗೊಂಬೆಗೂ ನಡುವಿನ ದೂರ ಬದಲಾಗುವುದಿಲ್ಲ. ಕಾಫಿ ಕುಡಿದ ಕೂಡಲೇ ಕೂರಬೇಡಿ, ಇದು ನನ್ನ ಅನುಭವ.

ಮುಖದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೀವು ಯಕ್ಷಗಾನದ ಊರಿನವರು. ಚೌಕಿಯೊಳಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ ಬಣ್ಣದ ವೇಷವನ್ನು ಒಂದು ಮೊಳ ದೂರದಿಂದ ನೋಡಿದ್ದೀರಲ್ಲ? ಅಷ್ಟು ಹತ್ತಿರದಿಂದ ಅದು ಮುಖವೇ ಅಲ್ಲ, ಬರೀ ಕೆಂಪು, ಕಪ್ಪು, ಬಿಳಿಯ ಪಟ್ಟೆಗಳು. ಅದೇ ವೇಷ ರಂಗಸ್ಥಳಕ್ಕೆ ಬಂದಾಗ ಹಿಂದಿನ ಸಾಲಿನ ಮಗುವಿಗೂ ಹುಬ್ಬು ಗಂಟಿಕ್ಕಿದ್ದು ಕಾಣುತ್ತದೆ. ಮಿನಿಯೇಚರ್ ಕೂಡ ಹಾಗೆ. ಮೇಜಿನ ಮೇಲೆ ನಿಂತ ಗೊಂಬೆಯನ್ನು ನೋಡುವುದು ಎರಡು ಮೂರು ಅಡಿ ದೂರದಿಂದ. ಅಷ್ಟು ಸಣ್ಣ ಮೂಗಿಗೆ ಕೋಣೆಯ ಬೆಳಕು ತಾನಾಗಿ ನೆರಳು ಕೊಡುವುದಿಲ್ಲ, ನಾವೇ ಬರೆಯಬೇಕು, ಅದೂ ಸ್ವಲ್ಪ ಅತಿಯಾಗಿ. ನೀವು ಫೋನಿನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ನೋಡಿ ಬೇಸರ ಪಟ್ಟಿದ್ದೀರಿ. ಆ ಪರೀಕ್ಷೆಯಲ್ಲಿ ನನ್ನದೂ ಪಾಸಾಗುವುದಿಲ್ಲ.

ಕ್ರಮ ಹೀಗಿರಲಿ. ಚರ್ಮದ ಬಣ್ಣ ಎರಡು ತೆಳು ಕೈ. ಮೇಲೆ ಕಂದು ವಾಶ್, ಪೂರ್ತಿ ಒಣಗಲಿ. ಆಮೇಲೆ ಅದೇ ಚರ್ಮದ ಬಣ್ಣವನ್ನು ಮೂಗಿನ ದಂಡೆ, ಕೆನ್ನೆಯ ಮೂಳೆ, ಹುಬ್ಬು, ಗಲ್ಲದ ತುದಿಗೆ ಮಾತ್ರ ಇಡಿ. ಇಷ್ಟಕ್ಕೇ ಮುಖ ಎದ್ದು ಬರುತ್ತದೆ. ಕಣ್ಣು ಬರೆಯದಿದ್ದರೂ ನಡೆಯುತ್ತದೆ, ಗುಳಿಯಲ್ಲಿ ಕೂತ ವಾಶ್ ದೂರಕ್ಕೆ ಕಣ್ಣಿನ ಹಾಗೇ ಕಾಣುತ್ತದೆ. ಇನ್ನೊಂದು, ಸೆಟ್ಟುಗಳಲ್ಲಿ ಚರ್ಮದ ಬಣ್ಣ ಎಂದು ಬರುವುದು ಸಾಮಾನ್ಯವಾಗಿ ಯುರೋಪಿನವರ ಗುಲಾಬಿ ಬಣ್ಣ. ಸೈನಿಕರು ಹಾಗೇ ಇರಬೇಕೆಂದು ಯಾರೂ ನಿಯಮ ಮಾಡಿಲ್ಲ. ಕೆಂಪು ಛಾಯೆಯ ಕಂದಿನಿಂದ ಶುರುಮಾಡಿ, ಎತ್ತರದ ಜಾಗಗಳಿಗೆ ಅದೇ ಕಂದಿಗೆ ಸ್ವಲ್ಪ ಕಾವಿ ಹಳದಿ ಬೆರೆಸಿ. ಬಿಳಿ ಬೆರೆಸಬೇಡಿ, ಸುಣ್ಣ ಬಳಿದ ಹಾಗಾಗುತ್ತದೆ. ನನ್ನ ಪಡೆಯ ಕ್ಯಾಪ್ಟನ್ ನಮ್ಮ ಮಾವನ ಬಣ್ಣದವನು, ಮೀಸೆಯೂ ಅವರದೇ.

ಹಾಳಾದ ಐದನ್ನು ಉಳಿಸಬಹುದೇ? ಖಂಡಿತ. ಇಂಗ್ಲೆಂಡಿನ ಹವ್ಯಾಸಿಗಳು ಬಹಳ ಕಾಲದಿಂದ ಬಣ್ಣ ಕಳೆಯಲು ಬಳಸುವುದು ಡೆಟಾಲ್, ಅದೇ ಕಂದು ಬಣ್ಣದ ಗಾಯದ ಡೆಟಾಲ್. ಗಾಜಿನ ಭರಣಿಯಲ್ಲಿ ನೀರು ಬೆರೆಸದೆ ಒಂದು ದಿನ ಮುಳುಗಿಸಿಡಿ, ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ. ಉಜ್ಜುವಾಗ ನೀರು ತಾಗಿಸಬೇಡಿ, ತಾಗಿದರೆ ಬಣ್ಣವೆಲ್ಲ ಹಲಸಿನ ಮೇಣದ ಹಾಗೆ ಅಂಟಂಟಾಗಿ ಹಿಡಿಯುತ್ತದೆ. ಬಣ್ಣವೆಲ್ಲ ಬಿಟ್ಟ ಮೇಲೆ ಹೊಸ ಡೆಟಾಲಿನಲ್ಲಿ ಒಂದು ಸಲ ಅದ್ದಿ, ಆಮೇಲೆ ಸೋಪು ನೀರು. ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ. ಮನೆಯವರು ಯಾರಿಗೆ ಗಾಯವಾಯಿತು ಎಂದು ಓಡಿ ಬರುತ್ತಾರೆ, ಮೊದಲೇ ಹೇಳಿಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ಕೂಡ ಕೆಲಸ ಮಾಡುತ್ತದೆ. ಯಾವುದಾದರೂ ಸ್ಪ್ರೂ ತುಂಡಿನ ಮೇಲೆ ಮೊದಲು ಪರೀಕ್ಷೆ ಮಾಡಿ. ಪೇಂಟ್ ಅಂಗಡಿಯ ಥಿನ್ನರ್, ನೇಲ್ ಪಾಲಿಶ್ ತೆಗೆಯುವ ಅಸಿಟೋನ್, ಇವು ಬೇಡವೇ ಬೇಡ. ಬಣ್ಣದ ಜೊತೆ ಸೈನಿಕನೂ ಕರಗುತ್ತಾನೆ. ಕಳೆಯುವಾಗ ಸೂಪರ್ ಗ್ಲೂ ಹಾಕಿದ ಸಂದಿಗಳೂ ಬಿಟ್ಟುಬರಬಹುದು, ಬರಲಿ, ಸಿಮೆಂಟ್ ಹಾಕಿ ಮತ್ತೆ ಜೋಡಿಸುವುದು ಹೇಗೂ ಇದ್ದೇ ಇದೆ.

ಆದರೆ ಐದನ್ನೂ ಕಳೆಯಬೇಡಿ. ನಾಲ್ಕು ಸಾಕು. ಮೊದಲನೆಯವನನ್ನು ಹಾಗೇ ಇಟ್ಟುಕೊಳ್ಳಿ. ಹತ್ತನೆಯವನು ಮುಗಿದ ದಿನ ಇಬ್ಬರನ್ನೂ ಪಕ್ಕ ಪಕ್ಕ ನಿಲ್ಲಿಸಿ ಒಂದು ಫೋಟೋ ಕಳಿಸಿ.

ಇನ್ನು ಅತ್ತೆಯವರ ಪ್ರಶ್ನೆ. ಧಾರಾಳವಾಗಿ ಇಡಬಹುದು. ಮೈಸೂರಿನ ಕಡೆ ಪಟ್ಟದ ಗೊಂಬೆ, ಚನ್ನಪಟ್ಟಣದ ಬೊಂಬೆಗಳ ಜೊತೆ ಕ್ರಿಕೆಟ್ ಟೀಮು, ರೈಲು ಎಲ್ಲ ಕೂರಿಸುತ್ತಾರೆ, ನಿಮ್ಮ ಸೈನಿಕರಿಗೂ ಒಂದು ಮೆಟ್ಟಿಲು ಸಿಕ್ಕೇ ಸಿಗುತ್ತದೆ. ಎರಡು ಷರತ್ತು ಮಾತ್ರ. ಬಂದ ಮಕ್ಕಳು ಮುಟ್ಟದೆ ಬಿಡುವುದಿಲ್ಲ, ಬೆರಳಿನ ಬೆವರಿಗೆ ಅಂಚಿನ ಬಣ್ಣ ಸವೆಯುತ್ತದೆ, ಹಾಗಾಗಿ ಕಳಿಸುವ ಮೊದಲು ಮ್ಯಾಟ್ ವಾರ್ನಿಶ್ಶನ್ನು ಕುಂಚದಲ್ಲೇ ಎರಡು ಕೈ ಹಚ್ಚಿ. ಮತ್ತೆ ದೀಪದ ಪಕ್ಕ ಇಡದಿರಲು ಹೇಳಿ. ಈ ಪ್ಲಾಸ್ಟಿಕ್ 100 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ನಂದಾದೀಪದ ಹತ್ತಿರ ನಿಂತವನು ವಿಜಯದಶಮಿ ಹೊತ್ತಿಗೆ ನಮಸ್ಕಾರದ ಭಂಗಿಯಲ್ಲಿರುತ್ತಾನೆ.